ಒಂದೇ ಡ್ರಮ್ಮಿನಲ್ಲಿ ಒಗೆದು ಒಣಗಿಸುವುದು: ಸಣ್ಣ ಅಪಾರ್ಟ್‌ಮೆಂಟಿನವರಿಗೆ ವಾಷರ್ ಡ್ರೈಯರ್ ಬಳಕೆಯ ಸಮಗ್ರ ಮಾರ್ಗದರ್ಶಿ

ಬಾಲ್ಕನಿಯಿಲ್ಲದ, ತಾರಸಿಗೆ ಹೋಗಿ ಹಗ್ಗ ಕಟ್ಟುವ ಅನುಕೂಲವೂ ಇಲ್ಲದ ಸಣ್ಣ ಅಪಾರ್ಟ್‌ಮೆಂಟಿನಲ್ಲಿ ಬಟ್ಟೆ ಒಗೆಯುವುದಕ್ಕಿಂತ ಒಗೆದದ್ದನ್ನು ಒಣಗಿಸುವುದೇ ದೊಡ್ಡ ತಾಪತ್ರಯ. ಒಗೆಯಲು ಒಂದು ಯಂತ್ರ, ಒಣಗಿಸಲು ಇನ್ನೊಂದು ಎಂದು ಎರಡಕ್ಕೆ ಜಾಗ ಹೊಂದಿಸಲಾಗದವರಿಗೆ, ಒಂದೇ ಡ್ರಮ್ಮಿನಲ್ಲಿ ಎರಡೂ ಕೆಲಸ ಮುಗಿಸುವ ವಾಷರ್ ಡ್ರೈಯರ್ ಸಹಜವಾಗಿಯೇ ಹಿಡಿಸುತ್ತದೆ. ಆದರೆ ಕೊಂಡವರಲ್ಲಿ ಅನೇಕರು ಕೆಲವು ತಿಂಗಳು ಕಳೆಯುವಷ್ಟರಲ್ಲಿ, ಬಟ್ಟೆ ಹಸಿಯಾಗಿಯೇ ಉಳಿಯುತ್ತದೆ, ಸುಕ್ಕುಗಟ್ಟಿ ಮುದ್ದೆಯಾಗುತ್ತದೆ, ಯಂತ್ರ ಗಂಟೆಗಟ್ಟಲೆ ತಿರುಗಿದರೂ ಕೆಲಸ ಮುಗಿಯುವುದಿಲ್ಲ ಎಂದು ದೂರತೊಡಗುತ್ತಾರೆ.

ಈ ದೂರುಗಳಲ್ಲಿ ಬಹುಪಾಲು ಹುಟ್ಟುವುದು ಒಂದೇ ಕಾರಣಕ್ಕೆ. ಯಂತ್ರದ ಮೇಲೆ ಎರಡು ತೂಕಗಳನ್ನು ಬರೆದಿರುತ್ತಾರೆ. ಉದಾಹರಣೆಗೆ, ಒಗೆಯಲು 8 ಕಿಲೋ, ಒಣಗಿಸಲು 5 ಕಿಲೋ. ನಾವು ಮೊದಲನೆಯ ಸಂಖ್ಯೆಯನ್ನು ನೋಡಿ ಕೊಳ್ಳುತ್ತೇವೆ, ಅದರಂತೆಯೇ ತುಂಬುತ್ತೇವೆ, ಎರಡನೆಯದನ್ನು ಮರೆತುಬಿಡುತ್ತೇವೆ. ಈ ಯಂತ್ರವನ್ನು ಸರಿಯಾಗಿ ನಡೆಸುವ ವಿಧಾನ ಇದಕ್ಕೆ ತದ್ವಿರುದ್ಧ: ಎಷ್ಟು ಬಟ್ಟೆ, ಯಾವ ಬಟ್ಟೆ, ಎಷ್ಟು ಡಿಟರ್ಜೆಂಟ್, ಯಾವ ಹೊತ್ತು ಎಂಬ ಪ್ರತಿಯೊಂದು ತೀರ್ಮಾನವನ್ನೂ ಕೊನೆಯ ಹಂತವಾದ ಒಣಗಿಸುವಿಕೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರಬೇಕು. ಕೆಳಗಿನ ಹಂತಗಳೆಲ್ಲ ಈ ಒಂದು ಸೂತ್ರಕ್ಕೆ ಕಟ್ಟುಬಿದ್ದಿವೆ.

ಒಳಗೆ ಏನು ನಡೆಯುತ್ತದೆ

ಒಗೆತದ ಭಾಗ ಮಾಮೂಲಿ ಮುಂಬಾಗಿಲಿನ ಯಂತ್ರದಂತೆಯೇ ಇರುತ್ತದೆ. ವ್ಯತ್ಯಾಸ ಕಾಣುವುದು ನಂತರದ ಹಂತದಲ್ಲಿ. ಬಿಸಿ ಗಾಳಿಯನ್ನು ಡ್ರಮ್ಮಿನೊಳಗೆ ಹಾಯಿಸಿದಾಗ ಬಟ್ಟೆಯ ನೀರು ಆವಿಯಾಗುತ್ತದೆ. ಆ ತೇವದ ಗಾಳಿಯನ್ನು ತಣ್ಣಗಾಗಿಸಿದಾಗ ಆವಿ ಮತ್ತೆ ನೀರಾಗಿ, ಒಗೆದ ನೀರು ಹೋಗುವ ಅದೇ ಪೈಪಿನ ಮೂಲಕ ಹೊರಗೆ ಹೋಗುತ್ತದೆ. ಆದ್ದರಿಂದ ಇಂಥ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಗೋಡೆ ಕೊರೆದು ಹೊಗೆಕೊಳವೆಯಂಥ ನಾಳ ಹಾಕುವ ಅಗತ್ಯವಿರುವುದಿಲ್ಲ. ಬಾಡಿಗೆ ಮನೆಯವರಿಗೆ ಇದು ದೊಡ್ಡ ಅನುಕೂಲ.

ಗಾಳಿಯನ್ನು ತಣ್ಣಗಾಗಿಸುವ ಬಗೆಯಲ್ಲಿ ಮುಖ್ಯವಾಗಿ ಎರಡು ಪಂಗಡಗಳಿವೆ. ಒಂದರಲ್ಲಿ ವಿದ್ಯುತ್ ಹೀಟರ್ ಗಾಳಿಯನ್ನು ಕಾಯಿಸುತ್ತದೆ, ನಲ್ಲಿಯ ತಣ್ಣೀರು ಆವಿಯನ್ನು ತಣಿಸುತ್ತದೆ. ಇಂಥ ಯಂತ್ರ ಒಣಗಿಸುವಾಗಲೂ ಹತ್ತಾರು ಲೀಟರ್ ನೀರು ಬಳಸುತ್ತದೆ. ಒಗೆತ ಮುಗಿಯಿತೆಂದು ನಲ್ಲಿ ಮುಚ್ಚಿಬಿಟ್ಟರೆ ಬಟ್ಟೆ ಒಣಗುವುದಿಲ್ಲ. ಇನ್ನೊಂದು ಹೀಟ್ ಪಂಪ್ ಬಗೆ. ಫ್ರಿಜ್ಜಿನಲ್ಲಿರುವಂತೆ ಕಂಪ್ರೆಸರ್ ಮತ್ತು ಶೀತಕ ದ್ರವ ಇದರಲ್ಲಿದ್ದು, ಒಂದು ತುದಿಯ ತಂಪಿನಲ್ಲಿ ಆವಿ ನೀರಾಗುತ್ತದೆ, ಇನ್ನೊಂದು ತುದಿಯ ಬಿಸಿಯಲ್ಲಿ ಅದೇ ಗಾಳಿ ಮತ್ತೆ ಕಾಯುತ್ತದೆ. ಬಿಸಿ ವ್ಯರ್ಥವಾಗದೆ ಒಳಗೇ ಸುತ್ತುವುದರಿಂದ ಇದಕ್ಕೆ ವಿದ್ಯುತ್ ಎಷ್ಟೋ ಕಡಿಮೆ ಸಾಕು, ಗಾಳಿಯ ಉಷ್ಣತೆಯೂ ಕಡಿಮೆಯಿರುವುದರಿಂದ ಬಟ್ಟೆ ಬಾಳಿಕೆ ಬರುತ್ತದೆ. ಬೆಲೆ ಮಾತ್ರ ಹೆಚ್ಚು, ಒಳಗಿನ ತೆಳುಹಾಳೆಗಳ ನಡುವೆ ಬಟ್ಟೆಯ ಎಳೆಚೂರು ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವ ಕೆಲಸವೂ ಹೆಚ್ಚು. ನಿಮ್ಮದು ಯಾವ ಬಗೆ ಎಂಬುದನ್ನು ಕೈಪಿಡಿಯಲ್ಲಿ ಮೊದಲೇ ನೋಡಿಟ್ಟುಕೊಳ್ಳಿ. ಮುಂದಿನ ಹಲವು ಸೂಚನೆಗಳು ಅದನ್ನೇ ಅವಲಂಬಿಸುತ್ತವೆ.

ಒಣಗಿಸುವ ತೂಕ ಏಕೆ ಕಡಿಮೆ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ನೀರಿನಲ್ಲಿ ನೆನೆದ ಬಟ್ಟೆ ಒಂದಕ್ಕೊಂದು ಅಂಟಿ ಮುದುಡಿ ಕುಳಿತುಕೊಳ್ಳುತ್ತದೆ, ಹಾಗಿದ್ದರೂ ಒಗೆತ ನಡೆಯುತ್ತದೆ. ಒಣಗಬೇಕಾದರೆ ಅದೇ ಬಟ್ಟೆ ಬಿಡಿಬಿಡಿಯಾಗಿ ಅರಳಿ, ಡ್ರಮ್ಮಿನ ಮೇಲಿನಿಂದ ಕೆಳಕ್ಕೆ ಬೀಳುತ್ತ, ಪ್ರತಿ ಮಡಿಕೆಯ ನಡುವೆಯೂ ಗಾಳಿ ನುಗ್ಗಲು ಎಡೆ ಕೊಡಬೇಕು. ತುಂಬಿದ ಡ್ರಮ್ಮಿನಲ್ಲಿ ಆ ಎಡೆಯೇ ಇರುವುದಿಲ್ಲ. ಹೊರಪದರ ಕಾದು ಬಿರುಸಾಗುತ್ತದೆ, ನಡುವಿನ ಉಂಡೆ ಒದ್ದೆಯಾಗಿಯೇ ಉಳಿಯುತ್ತದೆ.

ಇಡುವ ಜಾಗ, ನೀರು, ವಿದ್ಯುತ್ತು

ಸಾಮಾನ್ಯ ಗಾತ್ರದ ಯಂತ್ರ ಸುಮಾರು 60 ಸೆಂಟಿಮೀಟರ್ ಅಗಲ, 85 ಸೆಂಟಿಮೀಟರ್ ಎತ್ತರ ಇರುತ್ತದೆ. ಆಳವನ್ನು ಅಳೆಯುವಾಗಲೇ ಹೆಚ್ಚಿನವರು ಎಡವುವುದು: ಪಟ್ಟಿಯಲ್ಲಿ ಬರೆದಿರುವ ಆಳಕ್ಕೆ ಹಿಂಬದಿಯ ಪೈಪುಗಳ ಬಾಗು, ಮುಂಬಾಗಿಲಿನ ಉಬ್ಬು ಸೇರಿರುವುದಿಲ್ಲ. ಇವೆರಡಕ್ಕೂ ಜಾಗ ಕೂಡಿಸಿ, ಬಾಗಿಲು ಪೂರ್ತಿ ತೆರೆದಾಗ ಎದುರಿನ ಗೋಡೆಗೋ ಕಪಾಟಿಗೋ ತಾಗುವುದೇ, ಅದರ ಮುಂದೆ ಬುಟ್ಟಿ ಇಟ್ಟುಕೊಂಡು ಕೂರಲು ಜಾಗವಿದೆಯೇ ಎಂದು ನೋಡಿ. ಯಂತ್ರವನ್ನು ಕಪಾಟಿನೊಳಗೆ ಇಟ್ಟು ಕದ ಮುಚ್ಚಿ ನಡೆಸುವುದು ಬೇಡ. ಒಣಗಿಸುವಾಗ ಅದರ ಮೈಯಿಂದ ಬರುವ ಬಿಸಿಗೆ ಹೊರಹೋಗುವ ದಾರಿ ಬೇಕು.

ಹೊಸ ಯಂತ್ರದ ಹಿಂಬದಿಯಲ್ಲಿ ಸಾಗಣೆಯ ವೇಳೆ ಡ್ರಮ್ ಅಲುಗದಂತೆ ಬಿಗಿದ ಉದ್ದನೆಯ ಬೋಲ್ಟುಗಳಿರುತ್ತವೆ. ಅವನ್ನು ತೆಗೆಯದೆ ನಡೆಸಿದರೆ ಮೊದಲ ಹಿಂಡುವಿಕೆಯಲ್ಲಿಯೇ ಯಂತ್ರ ಕುಣಿದು ಒಳಗಿನ ಭಾಗಗಳಿಗೆ ಪೆಟ್ಟಾಗುತ್ತದೆ. ತೆಗೆದ ಮೇಲೆ ಎಸೆಯಬೇಡಿ, ಮನೆ ಬದಲಿಸುವಾಗ ಮತ್ತೆ ಬೇಕು. ನಂತರ ಸ್ಪಿರಿಟ್ ಲೆವೆಲ್ ಇಟ್ಟು, ನಾಲ್ಕು ಕಾಲುಗಳನ್ನೂ ತಿರುಗಿಸಿ ಯಂತ್ರವನ್ನು ಸಮಮಟ್ಟಕ್ಕೆ ತಂದು, ಕಾಲಿನ ಲಾಕ್ ನಟ್ಟುಗಳನ್ನು ಬಿಗಿಮಾಡಿ. ಮೂಲೆಯ ಮೇಲೆ ಕೈಯೂರಿ ಒತ್ತಿದಾಗ ಸ್ವಲ್ಪವೂ ಅಲ್ಲಾಡಬಾರದು. ಅಪಾರ್ಟ್‌ಮೆಂಟಿನಲ್ಲಿ ಕೆಳಮನೆಯವರೊಂದಿಗೆ ಬರುವ ಜಗಳಗಳಲ್ಲಿ ಎಷ್ಟೋ ಈ ಹತ್ತು ನಿಮಿಷದ ಕೆಲಸದಿಂದಲೇ ತಪ್ಪುತ್ತವೆ. ಕಾಲಡಿಗೆ ಇಡುವ ರಬ್ಬರ್ ಪ್ಯಾಡು ಸದ್ದನ್ನು ಇನ್ನಷ್ಟು ತಗ್ಗಿಸುತ್ತದೆ, ಆದರೆ ಸಮಮಟ್ಟವಿಲ್ಲದ ಯಂತ್ರಕ್ಕೆ ಅದು ಪರಿಹಾರವಾಗಲಾರದು.

ನೀರು ಹೊರಹೋಗುವ ಪೈಪಿನ ತುದಿ, ಕೈಪಿಡಿಯಲ್ಲಿ ಹೇಳಿದ ಎತ್ತರದಲ್ಲಿ, ಸಾಮಾನ್ಯವಾಗಿ ನೆಲದಿಂದ 60ರಿಂದ 100 ಸೆಂಟಿಮೀಟರ್ ನಡುವೆ ಇರಬೇಕು. ತೀರಾ ಕೆಳಗಿದ್ದರೆ ಒಳಗೆ ಬಂದ ನೀರು ತಾನಾಗಿಯೇ ಹೊರಗೆ ಹರಿದುಹೋಗುತ್ತದೆ; ಪೈಪಿನ ಸುತ್ತ ಗಾಳಿಯಾಡದಂತೆ ಟೇಪು ಸುತ್ತಿ ಮುಚ್ಚಿಬಿಟ್ಟರೆ ಚರಂಡಿಯ ನೀರು ಹಿಂದಕ್ಕೆ ಎಳೆಯಲ್ಪಡುವ ಅಪಾಯವಿದೆ. ವಿದ್ಯುತ್ತಿನ ವಿಷಯದಲ್ಲಿ ರಾಜಿ ಸಲ್ಲದು. ಹೀಟರ್ ಇರುವ ಯಂತ್ರ ಸುಮಾರು 2000 ವ್ಯಾಟ್‌ವರೆಗೆ ಸೆಳೆಯುತ್ತ ಗಂಟೆಗಟ್ಟಲೆ ನಡೆಯುವುದರಿಂದ, ಅದಕ್ಕೆ ತಕ್ಕ ಸಾಮರ್ಥ್ಯದ, ಅರ್ಥಿಂಗ್ ಇರುವ ಪ್ರತ್ಯೇಕ ಸಾಕೆಟ್ಟೇ ಬೇಕು. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಇದನ್ನು ಎಂದೂ ನಡೆಸಬಾರದು.

ತೂಕದ ಅಂದಾಜು

ಇಲ್ಲಿಂದ ನಿಜವಾದ ಒಗೆತ ಶುರು. ಮೊದಲು ಬಟ್ಟೆಯ ತೂಕ ಕೈಗೆ ಪರಿಚಯವಾಗಬೇಕು. ಒಣಗಿದ ಸ್ಥಿತಿಯಲ್ಲಿ ಟೀ ಶರ್ಟ್ 150ರಿಂದ 200 ಗ್ರಾಂ, ತೋಳಿನ ಅಂಗಿ 200ರಿಂದ 300 ಗ್ರಾಂ, ಜೀನ್ಸ್ 600ರಿಂದ 800 ಗ್ರಾಂ, ದೊಡ್ಡ ಸ್ನಾನದ ಟವೆಲ್ಲು 500ರಿಂದ 700 ಗ್ರಾಂ, ಇಬ್ಬರು ಮಲಗುವ ಹಾಸಿಗೆಯ ಹೊದಿಕೆ ಸುಮಾರು 600ರಿಂದ 900 ಗ್ರಾಂ ತೂಗುತ್ತವೆ. ಈ ಲೆಕ್ಕದಲ್ಲಿ ಎರಡು ಜೀನ್ಸ್, ಎರಡು ಟವೆಲ್ಲು, ಐದಾರು ಟೀ ಶರ್ಟು ಮತ್ತು ಒಳಉಡುಪುಗಳು ಸೇರಿದರೆ ನಾಲ್ಕು ಕಿಲೋ ಆಗಿಯೇ ಹೋಯಿತು. ಖಚಿತವಾಗಿ ತಿಳಿಯಬೇಕೆಂದರೆ ಬುಟ್ಟಿ ಹಿಡಿದುಕೊಂಡು ತಕ್ಕಡಿಯ ಮೇಲೆ ನಿಂತು, ಬುಟ್ಟಿಯಿಲ್ಲದೆ ಮತ್ತೊಮ್ಮೆ ನಿಂತು, ವ್ಯತ್ಯಾಸ ನೋಡಿ, ಖಾಲಿ ಬುಟ್ಟಿಯ ತೂಕ ಕಳೆಯಿರಿ. ಎರಡು ಮೂರು ಸಲ ಹೀಗೆ ಮಾಡಿದರೆ ಸಾಕು, ಆಮೇಲೆ ಕಣ್ಣಳತೆಯೇ ಸಾಕಾಗುತ್ತದೆ.

ಒಣಗಿಸುವ ಮಿತಿ 5 ಕಿಲೋ ಎಂದಿದ್ದರೆ 3.5ರಿಂದ 4 ಕಿಲೋಗೆ ನಿಲ್ಲಿಸುವುದು ನನ್ನ ಸಲಹೆ. ಬರೆದಿರುವ ಮಿತಿ ಒಂದೇ ಬಗೆಯ ಹತ್ತಿ ಬಟ್ಟೆಗೆ ಅನ್ವಯಿಸುತ್ತದೆ. ನಾವು ಹಾಕುವುದು ದಪ್ಪ ತೆಳು ಕಲಸಿದ ರಾಶಿಯನ್ನು. ಪಾಲಿಯೆಸ್ಟರ್‌ನಂಥ ಬಟ್ಟೆಗಳಿಗೆ ಕೈಪಿಡಿಯಲ್ಲಿ ಇನ್ನೂ ಕಡಿಮೆ ಮಿತಿ ಇರುತ್ತದೆ. ಕಣ್ಣಳತೆಗೆ ಹೇಳುವುದಾದರೆ, ಒಣ ಬಟ್ಟೆಯನ್ನು ಅದುಮದೆ ಸಡಿಲವಾಗಿ ಹಾಕಿದಾಗ ಡ್ರಮ್ ಅರ್ಧ ತುಂಬಬೇಕು, ಅದಕ್ಕಿಂತ ಹೆಚ್ಚು ಬೇಡ. ಅರ್ಧ ಖಾಲಿ ಡ್ರಮ್ಮನ್ನು ನೋಡಿ ನೀರು, ವಿದ್ಯುತ್ತು ದಂಡವಾಗುತ್ತಿದೆ ಎನಿಸುವುದು ಸಹಜ. ಆದರೆ ತುಂಬಿಸಿ ಒಣಗಿಸಿ, ಹಸಿಯಾಗಿ ಉಳಿದದ್ದನ್ನು ಮತ್ತೊಮ್ಮೆ ಒಣಗಿಸುವುದಕ್ಕೆ ಆಗುವ ಖರ್ಚು ಅದಕ್ಕಿಂತ ಹೆಚ್ಚು.

ಒಣಗುವ ವೇಗದಂತೆ ವಿಂಗಡಿಸುವುದು

ಬಣ್ಣದ ಪ್ರಕಾರ ವಿಂಗಡಿಸುವುದನ್ನು ಎಲ್ಲರೂ ಬಲ್ಲರು. ಈ ಯಂತ್ರಕ್ಕೆ ಅದಕ್ಕಿಂತ ಮುಖ್ಯವಾದದ್ದು ದಪ್ಪದ ಪ್ರಕಾರ ವಿಂಗಡಿಸುವುದು. ಜೀನ್ಸಿನ ಸೊಂಟಪಟ್ಟಿ ಒಣಗುವಷ್ಟರಲ್ಲಿ ಜೊತೆಗಿದ್ದ ತೆಳು ಅಂಗಿ ಅತಿಯಾಗಿ ಕಾದು ಕುಗ್ಗಿರುತ್ತದೆ. ತೇವಾಂಶದ ಸೆನ್ಸರ್ ತೆಳು ಬಟ್ಟೆಯನ್ನು ಕಂಡು ಕೆಲಸ ಮುಗಿಯಿತೆಂದು ನಿಲ್ಲಿಸಿದರೆ ಜೀನ್ಸ್ ಹಸಿಯಾಗಿಯೇ ಇರುತ್ತದೆ. ಟವೆಲ್ಲುಗಳದ್ದೇ ಒಂದು ಸರದಿ, ದಿನಬಳಕೆಯ ತೆಳು ಬಟ್ಟೆಗಳದ್ದು ಒಂದು, ಜೀನ್ಸ್ ಮತ್ತು ದಪ್ಪ ಅಂಗಿಗಳದ್ದು ಒಂದು, ಹಾಸಿಗೆ ಹೊದಿಕೆಯದ್ದು ಬೇರೆಯೇ ಒಂದು ಎಂದು ಮಾಡಿಕೊಳ್ಳಿ. ಹೊಸ ಟವೆಲ್ಲುಗಳು ವಿಪರೀತ ಎಳೆ ಉದುರಿಸುವುದರಿಂದ ಅವನ್ನು ಗಾಢ ಬಣ್ಣದ ಬಟ್ಟೆಯ ಹತ್ತಿರವೂ ತರಬೇಡಿ.

ಬಟ್ಟೆಯ ಒಳಬದಿಯ ಪಟ್ಟಿಯಲ್ಲಿ ಚೌಕದೊಳಗೆ ವೃತ್ತವಿರುವ ಚಿಹ್ನೆ ಡ್ರಮ್ಮಿನಲ್ಲಿ ಒಣಗಿಸುವುದಕ್ಕೆ ಸಂಬಂಧಿಸಿದ್ದು. ಒಳಗೆ ಒಂದು ಚುಕ್ಕಿಯಿದ್ದರೆ ಕಡಿಮೆ ಬಿಸಿ, ಅಂದರೆ ಹೆಚ್ಚೆಂದರೆ 60 ಡಿಗ್ರಿ; ಎರಡು ಚುಕ್ಕಿಯಿದ್ದರೆ ಸಾಮಾನ್ಯ ಬಿಸಿ, 80 ಡಿಗ್ರಿಯವರೆಗೆ. ಅಡ್ಡಗೆರೆಗಳಿಂದ ಹೊಡೆದು ಹಾಕಿದ್ದರೆ ಒಣಗಿಸುವ ಹಂತಕ್ಕೆ ಆ ಬಟ್ಟೆಯನ್ನು ಬಿಡಲೇಬಾರದು. ನೀರಿನ ತೊಟ್ಟಿಯ ಚಿತ್ರದೊಳಗಿನ ಸಂಖ್ಯೆ ಒಗೆಯಬಹುದಾದ ಗರಿಷ್ಠ ಉಷ್ಣತೆ. ತೊಟ್ಟಿಯ ಕೆಳಗಿನ ಗೆರೆ ಮೃದುವಾಗಿ ಒಗೆಯಬೇಕೆಂಬ ಸೂಚನೆ.

ಉಣ್ಣೆ ಬಿಸಿ ಮತ್ತು ಉಜ್ಜಾಟಕ್ಕೆ ಸಿಕ್ಕಿದರೆ ಅದರ ಎಳೆಗಳ ಹೊರಮೈಯ ಪೊರೆಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಬಟ್ಟೆ ಗಟ್ಟಿ ಕಂಬಳಿಯಾಗುತ್ತದೆ. ಅದು ಮತ್ತೆ ಮೊದಲಿನಂತಾಗದು. ರೇಷ್ಮೆ, ಲೇಸು, ಹಿಗ್ಗುವ ಎಲಾಸ್ಟಿಕ್ ಎಳೆಗಳಿರುವ ವ್ಯಾಯಾಮದ ಉಡುಪು, ಒಳಗೆ ತಂತಿಯಿರುವ ಒಳಉಡುಪು ಇವುಗಳಿಗೂ ಡ್ರಮ್ಮಿನ ಬಿಸಿ ಒಳ್ಳೆಯದಲ್ಲ. ಇವುಗಳ ಹೊರತಾಗಿ, ಬಟ್ಟೆ ಹಾಳಾಗುವ ಪ್ರಶ್ನೆಯನ್ನೂ ಮೀರಿದ ಅಪಾಯದ ಗುಂಪೊಂದಿದೆ. ಫೋಮು, ರಬ್ಬರು, ರಬ್ಬರ್ ಲೇಪನವಿರುವ ವಸ್ತುಗಳು ಹಾಗೂ ಅಡುಗೆ ಎಣ್ಣೆ, ಪೆಟ್ರೋಲು, ಥಿನ್ನರ್ ತಾಗಿದ ಬಟ್ಟೆಗಳನ್ನು ಒಣಗಿಸಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಅಡುಗೆ ಎಣ್ಣೆಯಲ್ಲಿ ತೊಯ್ದ ಬಟ್ಟೆ ಒಗೆದ ಮೇಲೂ ಎಣ್ಣೆಯ ಅಂಶ ಉಳಿಸಿಕೊಂಡಿರುತ್ತದೆ. ಅದು ಗಾಳಿಯ ಆಮ್ಲಜನಕದೊಂದಿಗೆ ವರ್ತಿಸುತ್ತ ತಾನೇ ಬಿಸಿಯಾಗುತ್ತ ಹೋಗುತ್ತದೆ. ಅಡುಗೆಮನೆಯ ಜಿಡ್ಡು ಒರೆಸುವ ಬಟ್ಟೆಗಳಿಗೆ ಬಕೆಟ್ಟು ಮತ್ತು ಹಗ್ಗವೇ ಗತಿ.

ಕೊನೆಗೆ ಜೇಬುಗಳು. ಒಂದೇ ಒಂದು ಕಾಗದದ ಕರವಸ್ತ್ರ ಒಳಗುಳಿದರೆ ಅದು ಪುಡಿಯಾಗಿ ಪ್ರತಿ ಬಟ್ಟೆಗೂ ಅಂಟಿ, ಒಣಗುವ ಹಂತದಲ್ಲಿ ಅಲ್ಲಿಯೇ ಗಟ್ಟಿಯಾಗುತ್ತದೆ. ಜಿಪ್ಪು ಎಳೆದು, ಕೊಕ್ಕೆ ಹಾಕಿ, ಹೊದಿಕೆಯ ಚೀಲಗಳ ಗುಂಡಿ ಮುಚ್ಚಿ ಹಾಕಿದರೆ ಸಣ್ಣ ಬಟ್ಟೆಗಳು ಅವುಗಳೊಳಗೆ ನುಗ್ಗಿ ಹಸಿಯಾಗಿ ಉಳಿಯುವುದು ತಪ್ಪುತ್ತದೆ.

ಕಲೆಗಳನ್ನು ಮೊದಲೇ ತೆಗೆಯುವುದು

ಬೇರೆ ಬೇರೆ ಯಂತ್ರಗಳಿದ್ದಾಗ ಒಂದರಿಂದ ಇನ್ನೊಂದಕ್ಕೆ ಬಟ್ಟೆ ಹಾಕುವ ನಡುವೆ ಕಲೆ ಹೋಗಿದೆಯೇ ಎಂದು ನೋಡುವ ಅವಕಾಶವಿರುತ್ತದೆ. ಇಲ್ಲಿ ಒಗೆತ ಮತ್ತು ಒಣಗಿಸುವಿಕೆ ಒಂದೇ ಓಟದಲ್ಲಿ ಸಾಗಿದರೆ ಆ ಅವಕಾಶ ಸಿಗುವುದಿಲ್ಲ. ಉಳಿದ ಕಲೆ ಬಿಸಿಗೆ ಸಿಕ್ಕಿ ಎಳೆಯೊಳಗೆ ಕಚ್ಚಿ ಕೂರುತ್ತದೆ. ಹೀಗಾಗಿ ಕಲೆಯಾದ ಬಟ್ಟೆಯನ್ನು ಡ್ರಮ್ಮಿಗೆ ಹಾಕುವ ಮೊದಲೇ ಉಪಚರಿಸಬೇಕು. ರಕ್ತ, ಹಾಲು, ಮೊಟ್ಟೆ, ಬೆವರಿನಂಥ ಪ್ರೋಟೀನ್ ಕಲೆಗಳಿಗೆ ತಣ್ಣೀರು ಮಾತ್ರ. ಬಿಸಿನೀರು ಅವನ್ನು ಬೇಯಿಸಿ ಅಂಟಿಸುತ್ತದೆ. ಎಣ್ಣೆ ಜಿಡ್ಡಿನ ಸಣ್ಣ ಕಲೆಗೆ ಪಾತ್ರೆ ತೊಳೆಯುವ ದ್ರವವನ್ನು ಎರಡು ಹನಿ ಹಾಕಿ, ಬೆರಳಿನಿಂದ ಮೆಲ್ಲನೆ ತಿಕ್ಕಿ, ಹತ್ತು ನಿಮಿಷ ಬಿಟ್ಟು, ಪೂರ್ತಿ ತೊಳೆದುಹಾಕಿ. ಆ ದ್ರವ ಉಳಿದರೆ ಡ್ರಮ್ಮಿನೊಳಗೆ ನೊರೆ ಉಕ್ಕುತ್ತದೆ. ಚಹಾ, ಕಾಫಿ, ಹಣ್ಣಿನ ರಸದ ಕಲೆಗಳಿಗೆ ಆಮ್ಲಜನಕ ಬಿಡುವ ಬ್ಲೀಚ್ ಪುಡಿಯನ್ನು ಬೆಚ್ಚನೆಯ ನೀರಿನಲ್ಲಿ ಕದಡಿ ನೆನೆಸುವುದು ಒಳ್ಳೆಯದು. ಉಣ್ಣೆ, ರೇಷ್ಮೆಗೆ ಇದು ಸಲ್ಲದು.

ಕಲೆ ಹೋಗುವುದೋ ಇಲ್ಲವೋ ಎಂಬ ಅನುಮಾನವಿರುವ ಬಟ್ಟೆಯಿದ್ದರೆ ಆ ಸರದಿಯಲ್ಲಿ ನೇರ ಒಣಗಿಸುವ ಆಯ್ಕೆಯನ್ನು ಬಿಟ್ಟುಬಿಡಿ. ಒಗೆತ ಮುಗಿದ ಮೇಲೆ ಬಾಗಿಲು ತೆರೆದು, ನೋಡಿ, ಆಮೇಲೆ ಒಣಗಿಸಿ.

ಡಿಟರ್ಜೆಂಟ್

ಕಡಿಮೆ ನೊರೆಯ, ಮುಂಬಾಗಿಲಿನ ಯಂತ್ರಕ್ಕೆಂದೇ ಮಾಡಿದ ಡಿಟರ್ಜೆಂಟ್ ಬಳಸಿ. ಪ್ಯಾಕೆಟ್ಟಿನ ಅಳತೆ ಹೆಚ್ಚಾಗಿ ಇದಕ್ಕಿಂತ ದೊಡ್ಡ ರಾಶಿಗೆ ಹೇಳಿದ್ದಾಗಿರುತ್ತದೆ. ಅರ್ಧ ತುಂಬಿದ ಡ್ರಮ್ಮಿಗೆ ಅದೇ ಪ್ರಮಾಣದಲ್ಲಿ ಇಳಿಸಿ. ಹೆಚ್ಚಾದರೆ ನೊರೆ ಮೆತ್ತೆಯಂತಾಗಿ ಬಟ್ಟೆಯ ಉಜ್ಜಾಟವೇ ನಿಲ್ಲುತ್ತದೆ, ಜಾಲಾಡಿದರೂ ಪೂರ್ತಿ ಹೋಗದ ಸೋಪಿನ ಅಂಶ ಒಣಗುವಾಗ ಬಟ್ಟೆಯಲ್ಲಿ ಬಿರುಸಾಗಿ ಉಳಿಯುತ್ತದೆ, ಬಾಗಿಲಂಚಿನ ರಬ್ಬರ್ ಸುತ್ತಿನಲ್ಲಿ ಲೋಳೆ ಕಟ್ಟುತ್ತದೆ. ಗಡಸು ನೀರಿದ್ದರೆ ಪ್ಯಾಕೆಟ್ಟಿನಲ್ಲಿ ಅದಕ್ಕೆಂದೇ ಕೊಟ್ಟ ಹೆಚ್ಚಿನ ಅಳತೆಯನ್ನು ಆಧಾರವಾಗಿಟ್ಟುಕೊಳ್ಳಿ.

ಡಿಟರ್ಜೆಂಟ್ ಹಾಕುವ ಪೆಟ್ಟಿಗೆಯಲ್ಲಿ ಒಂದು ಗೆರೆಯ ಗುರುತಿರುವ ಗೂಡು ಮೊದಲೊಗೆತಕ್ಕೆ, ಎರಡು ಗೆರೆಯದು ಮುಖ್ಯ ಒಗೆತಕ್ಕೆ, ಹೂವಿನದು ಮೃದುಕಾರಿಗೆ, ಅಂದರೆ ಬಟ್ಟೆಯನ್ನು ಮೆತ್ತಗಾಗಿಸುವ ದ್ರವಕ್ಕೆ. ಟವೆಲ್ಲುಗಳಿಗೆ ಮೃದುಕಾರಿ ಬೇಡ. ಅದು ಎಳೆಗಳ ಮೇಲೆ ಜಿಡ್ಡಿನ ಪದರ ಕಟ್ಟಿ ನೀರು ಹೀರುವ ಗುಣವನ್ನು ಕುಗ್ಗಿಸುತ್ತದೆ. ಡ್ರಮ್ಮಿನಲ್ಲಿ ಹೊರಳಾಡಿ ಒಣಗಿದ ಟವೆಲ್ಲು ಹೇಗೂ ಮೆತ್ತಗೇ ಇರುತ್ತದೆ.

ಉಷ್ಣತೆ, ಹಿಂಡುವ ವೇಗ

ದಿನಬಳಕೆಯ ಬಟ್ಟೆಗೆ 30 ಅಥವಾ 40 ಡಿಗ್ರಿ ಸಾಕು. ಟವೆಲ್ಲು, ಹಾಸಿಗೆ ಹೊದಿಕೆ, ದಿಂಬಿನ ಚೀಲಗಳನ್ನು, ಪಟ್ಟಿಯಲ್ಲಿ ಅನುಮತಿಯಿದ್ದರೆ, 60 ಡಿಗ್ರಿಯಲ್ಲಿ ಒಗೆಯಿರಿ. ಆ ಬಿಸಿಗೆ ದೂಳಿನ ಹುಳಗಳು ಸಾಯುತ್ತವೆ.

ಒಣಗಿಸುವ ಸಮಯವನ್ನೂ ಖರ್ಚನ್ನೂ ನಿರ್ಧರಿಸುವ ಆಯ್ಕೆ ಎಂದರೆ ಹಿಂಡುವ ವೇಗ, ಮತ್ತು ಇದನ್ನೇ ಜನ ಹೆಚ್ಚು ಅಲಕ್ಷಿಸುತ್ತಾರೆ. ನಿಮಿಷಕ್ಕೆ 1400 ಸುತ್ತಿನಲ್ಲಿ ಹಿಂಡಿದ ಹತ್ತಿ ಬಟ್ಟೆಯಲ್ಲಿ ಅದರ ಒಣತೂಕದ ಸುಮಾರು ಅರ್ಧದಷ್ಟು ನೀರು ಉಳಿದಿರುತ್ತದೆ; 1000 ಸುತ್ತಿನಲ್ಲಿ ಅದು ಶೇಕಡಾ 60ನ್ನು ದಾಟುತ್ತದೆ. ನಾಲ್ಕು ಕಿಲೋ ಬಟ್ಟೆಗೆ ಈ ವ್ಯತ್ಯಾಸ ಅರ್ಧ ಲೀಟರ್ ನೀರಿನಷ್ಟು. ಒಂದು ಲೀಟರ್ ನೀರನ್ನು ಆವಿಯಾಗಿಸಲು ಕನಿಷ್ಠ 0.63 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು ಎಂಬುದು ಭೌತಶಾಸ್ತ್ರದ ಲೆಕ್ಕ. ಹೀಟರ್ ಯಂತ್ರದಲ್ಲಿ ನಿಜವಾದ ಖರ್ಚು ಅದಕ್ಕಿಂತ ಹೆಚ್ಚು. ಅದೇ ನೀರನ್ನು ಡ್ರಮ್ ತಿರುಗಿಸಿ ಹೊರಹಾಕಲು ತಗಲುವ ವಿದ್ಯುತ್ತು ಇದರ ಸಣ್ಣ ಪಾಲು ಮಾತ್ರ. ಆದ್ದರಿಂದ ಒಣಗಿಸಲಿರುವ ಹತ್ತಿ ಬಟ್ಟೆಯನ್ನು ಅದು ತಾಳುವ ಅತಿ ಹೆಚ್ಚಿನ ವೇಗದಲ್ಲಿ ಹಿಂಡಿ. ಸುಕ್ಕಿನ ಚಿಂತೆಯಿರುವ ತೆಳು ಅಂಗಿಗಳಿಗೆ ಮಾತ್ರ ವೇಗ ತಗ್ಗಿಸಿ.

ನಡುವೆ ಒಂದು ನಿಲುಗಡೆ

ಒಗೆತದಿಂದ ಒಣಗಿಸುವಿಕೆಗೆ ಯಂತ್ರ ತಾನಾಗಿಯೇ ದಾಟುವುದೇ ಇದರ ಹೆಗ್ಗಳಿಕೆ ಎಂದು ಜಾಹೀರಾತುಗಳು ಹೇಳುತ್ತವೆ. ಮನೆಯಲ್ಲಿದ್ದೂ ಕೆಲಸದ ನಡುವೆ ಎದ್ದುಬರಲಾಗದ ದಿನ ಅದು ಉಪಯುಕ್ತವೂ ಹೌದು. ಆದರೆ ನಿಮಗೆ ಬಿಡುವಿರುವಾಗ ಒಗೆತ ಮಾತ್ರ ನಡೆಸಿ, ಮುಗಿದಾಗ ಬಾಗಿಲು ತೆರೆದು, ಎರಡು ಮೂರು ನಿಮಿಷ ಕೆಲಸ ಮಾಡಿ, ಆಮೇಲೆ ಒಣಗಿಸುವ ಗುಂಡಿ ಒತ್ತುವುದು ನನ್ನ ದೃಷ್ಟಿಯಲ್ಲಿ ಅತ್ಯುತ್ತಮ ಕ್ರಮ. ವೇಗವಾಗಿ ಹಿಂಡಿದಾಗ ಬಟ್ಟೆ ಡ್ರಮ್ಮಿನ ಗೋಡೆಗೆ ಉಂಗುರದಂತೆ ಅಂಟಿರುತ್ತದೆ. ಎಲ್ಲವನ್ನೂ ಹೊರತೆಗೆದು, ಒಂದೊಂದನ್ನೂ ಜೋರಾಗಿ ಕೊಡವಿ, ತೋಳು ಕಾಲುಗಳ ಗಂಟು ಬಿಡಿಸಿ, ಒಣಗಿಸಬಾರದ್ದನ್ನೂ ಹೆಚ್ಚಿನದನ್ನೂ ಬೇರೆಯಿಟ್ಟು, ಉಳಿದದ್ದನ್ನು ಸಡಿಲವಾಗಿ ಮತ್ತೆ ಹಾಕಿ. ಇದರಿಂದ ಬಟ್ಟೆ ಬೇಗ ಒಣಗುತ್ತದೆ, ಸುಕ್ಕು ಕಡಿಮೆಯಾಗುತ್ತದೆ, ಕಲೆಯ ಪರೀಕ್ಷೆಯೂ ಆಗುತ್ತದೆ. ಒಗೆಯುವ ಪೂರ್ಣ ಸಾಮರ್ಥ್ಯವನ್ನು ಬಳಸಲು ಇರುವ ಒಂದೇ ದಾರಿಯೂ ಇದೇ: ಎಂಟು ಕಿಲೋ ಒಗೆದು, ನಾಲ್ಕು ಕಿಲೋವನ್ನು ಒಳಗೆ ಬಿಟ್ಟು, ಉಳಿದದ್ದನ್ನು ಮಡಚುವ ಸ್ಟ್ಯಾಂಡಿನ ಮೇಲೆ ಹರವಬಹುದು.

ಹಾಸಿಗೆ ಹೊದಿಕೆಗಂತೂ ಈ ನಿಲುಗಡೆ ಕಡ್ಡಾಯ. ದೊಡ್ಡ ಬಟ್ಟೆ ತನ್ನಷ್ಟಕ್ಕೆ ಹೊಸೆದುಕೊಂಡು ಹಗ್ಗವಾಗಿ, ದಿಂಬಿನ ಚೀಲಗಳನ್ನು ಒಡಲೊಳಗೆ ಸುತ್ತಿಕೊಂಡು ಬಿಡುತ್ತದೆ. ಒಣಗಿಸುವ ಹಂತದ ಅರ್ಧದಲ್ಲಿ ಇನ್ನೊಮ್ಮೆ ನಿಲ್ಲಿಸಿ ಬಿಡಿಸಿ ಹಾಕಿದರೆ ಇನ್ನೂ ಒಳ್ಳೆಯದು. ಬಿಸಿಯಿರುವ ಯಂತ್ರ ಸ್ವಲ್ಪ ತಣ್ಣಗಾಗುವವರೆಗೆ ಬಾಗಿಲು ತೆರೆದುಕೊಳ್ಳುವುದಿಲ್ಲ. ಬಲವಂತ ಮಾಡದೆ ಕಾಯಿರಿ.

ಒಣಗಿಸುವುದು

ಒಣಗಿಸುವ ಆಯ್ಕೆಗಳಲ್ಲಿ ಎರಡು ಬಗೆ. ಸೆನ್ಸರ್ ಇರುವ ಆಯ್ಕೆಯಲ್ಲಿ ಯಂತ್ರವೇ ತೇವವನ್ನು ಅಳೆದು ನಿಲ್ಲಿಸುತ್ತದೆ. ಇಸ್ತ್ರಿಗೆ ತಕ್ಕಷ್ಟು, ಕಪಾಟಿಗೆ ತಕ್ಕಷ್ಟು, ಇನ್ನೂ ಹೆಚ್ಚು ಎಂಬ ಮಟ್ಟಗಳಿರುತ್ತವೆ. ಸಮಯದ ಆಯ್ಕೆಯಲ್ಲಿ ನೀವು ಹೇಳಿದಷ್ಟು ನಿಮಿಷ ಓಡುತ್ತದೆ. ಒಂದೇ ಬಗೆಯ ಬಟ್ಟೆಯಿದ್ದರೆ ಸೆನ್ಸರನ್ನು ನಂಬಿ. ಒಂದೆರಡೇ ಬಟ್ಟೆಗಳಿದ್ದರೆ ಅವು ಸೆನ್ಸರಿಗೆ ಸರಿಯಾಗಿ ತಾಗದೆ ಯಂತ್ರ ಬೇಗ ನಿಂತುಬಿಡಬಹುದು, ಆಗ ಸಮಯದ ಆಯ್ಕೆಯೇ ಮೇಲು. ಇಸ್ತ್ರಿ ಮಾಡುವ ಅಂಗಿಗಳನ್ನು ಪೂರ್ತಿ ಒಣಗಿಸಿ, ಆಮೇಲೆ ನೀರು ಚಿಮುಕಿಸುವುದು ಎರಡು ಬಾರಿ ದಂಡ.

ಹೀಟರ್ ಯಂತ್ರದಲ್ಲಿ ಒಗೆದು ಒಣಗಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುವುದು ಸಾಮಾನ್ಯ; ಅದು ಕೆಟ್ಟಿರುವುದರ ಲಕ್ಷಣವಲ್ಲ. ಇಷ್ಟು ಹೊತ್ತು ಎಂದು ಮಲಗುವ ಮುನ್ನ ಹಚ್ಚಿಬಿಡುವ ಆಸೆ ಬರುತ್ತದೆ. ಬೇಡ. ನೀರು ಸೋರುವುದು, ಬೆಂಕಿ ಹೊತ್ತುವುದು ಅಪರೂಪವೇ ಆದರೂ, ಎಚ್ಚರವಿರುವವರು ಮನೆಯಲ್ಲಿರುವಾಗ ನಡೆಸುವುದೇ ಸರಿ. ರಾತ್ರಿಯ ಹಿಂಡುವ ಸದ್ದನ್ನು ಪಕ್ಕದವರೂ ಸಹಿಸಬೇಕಿಲ್ಲ. ಬೆಳಗ್ಗೆ ಎದ್ದೊಡನೆ ಅಥವಾ ರಜೆಯ ದಿನದ ನಡುಹಗಲಿನಲ್ಲಿ ಹಚ್ಚುವುದು ಅನುಕೂಲ. ವಾರದ ಬೆಟ್ಟವನ್ನು ಒಂದೇ ದಿನ ಕರಗಿಸುವ ಪ್ರಯತ್ನವನ್ನು ಬಿಟ್ಟು, ಎರಡು ದಿನಕ್ಕೊಮ್ಮೆ ಒಂದು ಸಣ್ಣ ಸರದಿ ಎಂದಿಟ್ಟುಕೊಂಡರೆ ಈ ನಿಧಾನ ಕಾಡುವುದಿಲ್ಲ.

ಕೊನೆಯ ಕೆಲವು ನಿಮಿಷ ಬಿಸಿಯಿಲ್ಲದೆ ತಿರುಗುವ ತಣಿಸುವ ಘಟ್ಟವಿರುತ್ತದೆ, ಅದನ್ನು ಕತ್ತರಿಸಬೇಡಿ. ತುರ್ತಾಗಿ ನಡುವೆ ನಿಲ್ಲಿಸಲೇಬೇಕಾದರೆ, ಬಿಸಿ ಬಟ್ಟೆಯ ಗುಡ್ಡೆಯನ್ನು ಒಳಗೆ ಬಿಡದೆ ಕೂಡಲೇ ಹೊರತೆಗೆದು ಹರವಿ. ಮುಗಿದ ಮೇಲೂ ತಡಮಾಡಬಾರದು, ಬಿಸಿಯಲ್ಲಿ ಮುದುಡಿ ಕುಳಿತಷ್ಟೂ ಸುಕ್ಕು ಗಟ್ಟಿಯಾಗುತ್ತದೆ. ಹೊರತೆಗೆದಾಗ ಬಟ್ಟೆ ತುಸು ತೇವವೆನಿಸಿದರೆ ಗಾಬರಿ ಬೇಡ. ಅದು ಹೆಚ್ಚಾಗಿ ಬಿಸಿ ಆವಿಯ ಸ್ಪರ್ಶ. ಕೊಡವಿ ಐದಾರು ನಿಮಿಷ ಕುರ್ಚಿಯ ಬೆನ್ನಿಗೋ ಹ್ಯಾಂಗರಿಗೋ ಹಾಕಿ, ತಣ್ಣಗಾದ ಮೇಲೂ ಹಸಿಯಿದ್ದರೆ ಮಾತ್ರ ಇನ್ನೊಂದು ಇಪ್ಪತ್ತು ನಿಮಿಷ ಒಣಗಿಸಿ. ಬೆಚ್ಚಗಿರುವಾಗಲೇ ಮಡಚಿ ಮುಚ್ಚಿದ ಕಪಾಟಿಗೆ ಸೇರಿಸಿದರೆ ಮುಗ್ಗಲು ವಾಸನೆ ಹಿಡಿಯುತ್ತದೆ.

ಸ್ಟ್ಯಾಂಡಿನ ಪಾಲು

ಯಂತ್ರವಿದ್ದರೂ ಮಡಚುವ ಸ್ಟ್ಯಾಂಡೊಂದು ಮನೆಯಲ್ಲಿರಲಿ. ಬಟ್ಟೆಗಳ ನಡುವೆ ಅಂಗೈಯಗಲ ಜಾಗ ಬಿಟ್ಟು ಹರವಿ, ಫ್ಯಾನಿನ ಗಾಳಿ ಅಡ್ಡಲಾಗಿ ಹಾಯುವಂತೆ ಮಾಡಿ, ಕಿಟಕಿ ತೆರೆದಿಡಿ. ಕೋಣೆಯ ತೇವಾಂಶ ಶೇಕಡಾ 60ರ ಮೇಲೆ ಬಹಳ ಹೊತ್ತು ನಿಂತರೆ ಗೋಡೆಯಲ್ಲಿ ಬೂಷ್ಟು ಬೆಳೆಯತೊಡಗುತ್ತದೆ. ಕಿಟಕಿ ತೆರೆಯಲಾಗದ ಕಡೆ ತೇವ ಹೀರುವ ಯಂತ್ರದ ನೆರವು ಬೇಕಾಗಬಹುದು. ಸ್ವೆಟರನ್ನು ತೂಗುಹಾಕದೆ ಟವೆಲ್ಲಿನ ಮೇಲೆ ಮಟ್ಟಸವಾಗಿ ಹಾಸಿ.

ಯಂತ್ರದ ಶುಚಿ

ಪ್ರತ್ಯೇಕ ಡ್ರೈಯರಿನಲ್ಲಿ ಜುಂಗು ಹಿಡಿಯುವ ಜಾಲರಿ ಕೈಗೆ ಸಿಗುವಂತಿರುತ್ತದೆ. ವಾಷರ್ ಡ್ರೈಯರುಗಳಲ್ಲಿ ಅನೇಕಕ್ಕೆ ಅದಿಲ್ಲ. ಉದುರಿದ ಎಳೆಚೂರು ರಬ್ಬರ್ ಸುತ್ತಿನ ಮಡಿಕೆಯಲ್ಲಿ, ಡ್ರಮ್ಮಿನ ಗೋಡೆಯಲ್ಲಿ, ಗಾಳಿ ಹಾಯುವ ನಾಳದಲ್ಲಿ, ನೀರು ಹೊರಹಾಕುವ ಪಂಪಿನ ಫಿಲ್ಟರಿನಲ್ಲಿ ನೆಲೆಸುತ್ತದೆ. ಯಂತ್ರ ಹಳೆಯದಾದಂತೆ ಒಣಗಿಸುವುದು ನಿಧಾನವಾಗಲು ಇದೇ ದೊಡ್ಡ ಕಾರಣ. ಪ್ರತಿ ಬಾರಿ ಒಣಗಿಸಿದ ಮೇಲೆ ಒದ್ದೆ ಬಟ್ಟೆಯಿಂದ ರಬ್ಬರಿನ ಮಡಿಕೆ, ಬಾಗಿಲಿನ ಗಾಜು ಮತ್ತು ಡ್ರಮ್ಮಿನ ಒಳಮೈ ಒರೆಸಿ. ಟವೆಲ್ಲುಗಳ ಸರದಿಯಾದ ಮೇಲೆ ಖಾಲಿ ಡ್ರಮ್ಮಿನಲ್ಲಿ ಒಮ್ಮೆ ಜಾಲಾಡಿಸಿದರೆ ಉಳಿದ ಜುಂಗು ನೀರಿನೊಂದಿಗೆ ಹೋಗುತ್ತದೆ. ಇಲ್ಲವಾದರೆ ಮುಂದಿನ ಕಪ್ಪು ಅಂಗಿಯ ಮೇಲೆ ಅದೆಲ್ಲ ಕಾಣಿಸಿಕೊಳ್ಳುತ್ತದೆ. ನಿಮ್ಮ ಯಂತ್ರದಲ್ಲಿ ಜಾಲರಿ ಇದ್ದರೆ ಪ್ರತಿ ಬಾರಿಯೂ ತೆಗೆದು ಶುಚಿಗೊಳಿಸಿ.

ಬಳಸದಿರುವಾಗ ಬಾಗಿಲನ್ನೂ ಡಿಟರ್ಜೆಂಟ್ ಪೆಟ್ಟಿಗೆಯನ್ನೂ ತುಸು ತೆರೆದಿಡಿ. ಸಣ್ಣ ಮಕ್ಕಳು, ಸಾಕುಪ್ರಾಣಿಗಳು ಇರುವ ಮನೆಯಲ್ಲಿ ಅವು ಒಳನುಗ್ಗದಂತೆ ಎಚ್ಚರವಿರಲಿ. ತಿಂಗಳಿಗೊಮ್ಮೆ ಕೆಳಮೂಲೆಯ ಫಿಲ್ಟರ್ ತೆರೆಯಬೇಕು: ವಿದ್ಯುತ್ ತೆಗೆದು, ನೀರು ತಣ್ಣಗಿದೆಯೆಂದು ಖಚಿತಪಡಿಸಿಕೊಂಡು, ಅಗಲ ತಟ್ಟೆ ಹಿಡಿದು, ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ. ಅದೇ ದಿನ ಖಾಲಿ ಡ್ರಮ್ಮಿನಲ್ಲಿ ಅತಿ ಬಿಸಿ ನೀರಿನ ಸ್ವಚ್ಛತಾ ಆಯ್ಕೆಯನ್ನು ಓಡಿಸಿ. ಗಡಸು ನೀರಿನ ಸುಣ್ಣದ ಪದರಕ್ಕೆ ಕೈಪಿಡಿ ಒಪ್ಪುವ ಪದರನಾಶಕವನ್ನು ಬಳಸಿ. ಸಿಟ್ರಿಕ್ ಆಮ್ಲದಂಥ ಹುಳಿಪದಾರ್ಥವನ್ನು ಕ್ಲೋರಿನ್ ಬ್ಲೀಚಿನ ಜೊತೆ ಎಂದೂ ಬೆರೆಸಬಾರದು. ಆ ಎರಡರಿಂದ ವಿಷಾನಿಲ ಹುಟ್ಟುತ್ತದೆ.

ನೀರು ಬರುವ ಪೈಪಿನಲ್ಲಿ ಉಬ್ಬು, ಬಿರುಕು, ತುಕ್ಕು ಇವೆಯೇ ಎಂದು ಆಗಾಗ ನೋಡಿ, ಬಳಕೆಯಿಲ್ಲದಾಗ ನಲ್ಲಿ ಮುಚ್ಚಿ. ಮಹಡಿಯ ಮನೆಯಲ್ಲಿ ಒಡೆದ ಪೈಪು ಕೆಳಗಿನವರ ಛಾವಣಿಯನ್ನೂ ಕೆಡಿಸುತ್ತದೆ.

ಬಟ್ಟೆ ಒಣಗದಿದ್ದರೆ

ಮೆಕ್ಯಾನಿಕ್ಕನ್ನು ಕರೆಯುವ ಮೊದಲು ಈ ಕ್ರಮದಲ್ಲಿ ಪರೀಕ್ಷಿಸಿ. ಮೊದಲು ತೂಕ: ರಾಶಿಯ ಅರ್ಧ ಹೊರತೆಗೆದು ಮತ್ತೆ ಒಣಗಿಸಿ ನೋಡಿ. ಎರಡನೆಯದಾಗಿ ಹಿಂಡುವಿಕೆ: ಬಟ್ಟೆಯನ್ನು ಕೈಯಲ್ಲಿ ಹಿಂಡಿದರೆ ನೀರು ಇಳಿಯುವಂತಿದ್ದರೆ, ಒಂದೇ ಭಾರಿ ಬಟ್ಟೆಯಿಂದ ತೂಕ ಒಂದು ಬದಿಗೆ ವಾಲಿ ಯಂತ್ರ ವೇಗ ತಗ್ಗಿಸಿರಬಹುದು, ಜೊತೆಗೆ ಒಂದೆರಡು ಟವೆಲ್ಲು ಹಾಕಿ ಹಿಂಡುವುದನ್ನು ಮಾತ್ರ ಮತ್ತೊಮ್ಮೆ ನಡೆಸಿ. ಮೂರನೆಯದಾಗಿ, ನೀರಿನಿಂದ ತಣಿಸುವ ಯಂತ್ರವಾದರೆ ನಲ್ಲಿ ತೆರೆದಿದೆಯೇ, ಒತ್ತಡ ಸಾಕಷ್ಟಿದೆಯೇ, ನೀರು ಬರುವ ಪೈಪಿನ ಜೋಡಣೆಯಲ್ಲಿರುವ ಪುಟ್ಟ ಜಾಲರಿಯಲ್ಲಿ ಮರಳು ಕಟ್ಟಿಕೊಂಡಿದೆಯೇ ಎಂದು ನೋಡಿ. ನಂತರ ಪಂಪಿನ ಫಿಲ್ಟರ್. ಇವೆಲ್ಲ ಸರಿಯಿದ್ದು, ಸಣ್ಣ ರಾಶಿಯೂ ಒಣಗದೆ, ಒಣಗಿಸಲು ಶುರುವಾಗಿ ಅರ್ಧ ಗಂಟೆಯಾದರೂ ಬಾಗಿಲಿನ ಗಾಜು ಬೆಚ್ಚಗಾಗದಿದ್ದರೆ ತೊಂದರೆ ಹೀಟರಿನಲ್ಲೋ, ಗಾಳಿ ಬೀಸುವ ಫ್ಯಾನಿನಲ್ಲೋ, ಉಷ್ಣತೆಯ ಸೆನ್ಸರಿನಲ್ಲೋ ಇರುತ್ತದೆ. ಗಾಜು ಬಿಸಿಯಾಗುತ್ತಿದ್ದರೂ ಬಟ್ಟೆ ಹಸಿಯಾಗಿಯೇ ಉಳಿಯುತ್ತಿದ್ದರೆ ಒಳನಾಳದಲ್ಲಿ ಜುಂಗು ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಎರಡೂ ಸಂದರ್ಭಗಳಲ್ಲಿ ಮೇಲ್ಮುಚ್ಚಳ ಬಿಚ್ಚುವ ಕೆಲಸ ತರಬೇತಾದವರದ್ದು. ಸುಟ್ಟ ವಾಸನೆ ಬಂದರೆ ಅವರು ಬರುವವರೆಗೆ ಪ್ಲಗ್ಗನ್ನು ಕಿತ್ತೇ ಇಡಿ.